ಗಿಡ್ಡ ಕಾಲಿನ ನಾಯಿಯ ಬೆನ್ನು, ಹೊಟ್ಟೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಮಿಕರ ಸಭೆಯಲ್ಲಿ ನಾಯಿಯ ಮಾತೇ ಎಂದು ನಗುವವರು ನಗಲಿ. ನಮ್ಮ ಚಾಳೊಂದರಲ್ಲೇ ಉದ್ದ ಮೈ, ಗಿಡ್ಡ ಕಾಲಿನ ನಾಯಿಗಳು ಮೂರಿವೆ. ಡ್ಯಾಷ್‌ಹಂಡ್ ಜಾತಿಯೂ ಬೀದಿಯ ನಾಯಿಯೂ ಕೂಡಿ ಹುಟ್ಟಿದ ಬೆರಕೆಗಳು. ಬಿಲದಲ್ಲಿ ಅಡಗುವ ಬ್ಯಾಜರ್ ಎಂಬ ಪ್ರಾಣಿಯ ಬೇಟೆಗೆಂದು ಜರ್ಮನಿಯಲ್ಲಿ ಬೆಳೆಸಿದ ಮೈಕಟ್ಟು ಅದು. ಮುಂಬಯಿ ಚಾಳಿನ ಮೂರನೆಯ ಮಾಳಿಗೆಗೆ ಹತ್ತಿ ಇಳಿಯಲೆಂದು ಬೆಳೆಸಿದ್ದಲ್ಲ.

ನಮ್ಮ ಮೋತಿಗೆ ಆಗ ಐದು ವರ್ಷ. ಒಂದು ಸಂಜೆ ಎತ್ತಿಕೊಳ್ಳಹೋದರೆ ಚೀರಿ ಮಂಚದ ಕೆಳಗೆ ಸೇರಿತು. ಕೊಬ್ಬು ಬಂದಿದೆಯೆಂದು ಗದರಿಸಿದೆವು. ಮರುದಿನ ಬೆನ್ನು ಬಾಗಿಸಿ ನಡುಗುತ್ತಿತ್ತು. ನಮ್ಮ ಸೊಂಟನೋವಿಗೆ ತಂದಿಟ್ಟಿದ್ದ ಐಬುಪ್ರೊಫೆನ್ ಗುಳಿಗೆಯಲ್ಲಿ ಅರ್ಧ ಮುರಿದು ಕೊಟ್ಟೆವು. ರಾತ್ರಿಯೆಲ್ಲ ವಾಂತಿ, ಕಪ್ಪು ಮಲ. ಬೆಳಗಾಗುವಾಗ ಹಿಂಗಾಲು ಎಳೆಯುತ್ತಿತ್ತು. ಅದು ನಾಯಿಯ ಜಠರದಲ್ಲಿ ಹುಣ್ಣು ಮಾಡುವ, ಮೂತ್ರಪಿಂಡ ಕೆಡಿಸುವ ಗುಳಿಗೆ. ಅದು ಒಳಗಿದ್ದುದರಿಂದ ಪಶುವೈದ್ಯರು ತಮ್ಮ ಔಷಧ ಕೊಡಲೂ ಕಾಯಬೇಕಾಯಿತು. ಪ್ಯಾರಾಸಿಟಮಾಲ್ ಕೂಡ ನಾಯಿಗೆ ವಿಷವಾಗಬಲ್ಲದು. ಪ್ರೀತಿಯಿಂದಲೇ ಕೊಟ್ಟೆವು, ಅದಕ್ಕೇ ಇಂದು ನಾಚಿಕೆ ಬಿಟ್ಟು ಹೇಳುತ್ತಿದ್ದೇವೆ.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಗಳಿರುತ್ತವೆ. ಈ ಗಿಡ್ಡ ಕಾಲಿನವುಗಳಲ್ಲಿ ಅವು ಎಳೆಯ ವಯಸ್ಸಿನಲ್ಲೇ ಒಣಗಿ ಗಟ್ಟಿಯಾಗುತ್ತವೆ. ಒಂದು ಜಿಗಿತಕ್ಕೆ ಒಡೆದು ನರದ ಹುರಿಯನ್ನು ಒತ್ತಬಹುದು. ಇದರ ಹಿಂದಿನ ವಂಶವಾಹಿಯನ್ನು ವಿಜ್ಞಾನಿಗಳು 2017ರಲ್ಲಿ ಗುರುತಿಸಿದರು. ತಂದೆ ತಾಯಿಗಳಲ್ಲಿ ಒಬ್ಬರ ಕಡೆಯಿಂದ ಬಂದರೂ ಅಪಾಯವುಂಟು. ಬೆರಕೆ ನಾಯಿ ಗಟ್ಟಿ ಎಂಬ ಮಾತನ್ನು ಇಲ್ಲಿ ನಂಬಬಾರದು. ಹಿಂಗಾಲು ಸೋತರೆ ನಾಳೆ ನೋಡೋಣವೆನ್ನದೆ, ಹಲಗೆಯ ಮೇಲೆ ಮಲಗಿಸಿ ಆ ಗಳಿಗೆಯಲ್ಲೇ ಒಯ್ಯತಕ್ಕದ್ದು. ಪರೇಲಿನಲ್ಲಿ 1883ರಲ್ಲಿ ಸ್ಥಾಪನೆಯಾದ ಬಾಯಿ ಸಾಕರಬಾಯಿ ಪ್ರಾಣಿಗಳ ಆಸ್ಪತ್ರೆಯನ್ನು ನಮ್ಮಲ್ಲಿ ಬಹಳ ಜನ ಬಲ್ಲರು.

ಮೋತಿ ಆರು ವಾರ ಸಣ್ಣ ಕಟಕಟೆಯಲ್ಲಿ ಕಳೆಯಿತು. ಈಗ ನಡೆಯುತ್ತದೆ, ಸ್ವಲ್ಪ ಸೊಟ್ಟಗೆ. ಮೆಟ್ಟಿಲಲ್ಲಿ ನಾವೇ ಎತ್ತುತ್ತೇವೆ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ, ಬೆನ್ನು ಮಟ್ಟಸ. ಬರಿಯ ಮುಂಗಾಲು ಹಿಡಿದು ಎತ್ತಿದರೆ ಭಾರವೆಲ್ಲ ನಡುವಿಗೆ ಬೀಳುತ್ತದೆ. ಗೋಣಿ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನುಣುಪು ಟೈಲ್ಸಿನ ಮೇಲೆ ಹಳೆಯ ಜಮಖಾನೆ ಹಾಸಿದ್ದೇವೆ. ಬಿಸ್ಕತ್ತು ನಿಂತಿದೆ. ಬೆರಳಾಡಿಸಿದರೆ ಪಕ್ಕೆಲುಬು ತಾಗಬೇಕು. ತಾಗದಿದ್ದರೆ ಮೈ ಹೆಚ್ಚಾಯಿತು, ಕೀಲಿಗೆ ಹೊರೆಯಾಯಿತು.

ಚರ್ಮದ ತೊಂದರೆಯೂ ಅರ್ಧ ಈ ಕಾಲಿನದೇ. ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರವಿರುವಾಗ ಮಳೆಗಾಲದ ರಾಡಿಯೆಲ್ಲ ಅದಕ್ಕೇ. ಹೊರಗಿನಿಂದ ಬಂದೊಡನೆ ಹೊಟ್ಟೆ, ತೊಡೆಸಂದು, ಬೆರಳ ನಡುವೆ ತೊಳೆದು, ಹಳೆಯ ಪಂಚೆಯಿಂದ ಒಣಗುವ ತನಕ ಒರಸಬೇಕು. ಒದ್ದೆಯಲ್ಲಿ ಬಿಟ್ಟರೆ ಕೆಂಪಾಗಿ ನಾರುತ್ತದೆ. ನಾವು ಹಚ್ಚುವ ಸಾಬೂನು ಅದರ ಚರ್ಮಕ್ಕೆ ಒಗ್ಗುವುದಿಲ್ಲ. ಉಣ್ಣೆಗೆ ಸೀಮೆಎಣ್ಣೆ ಬಳಿಯುವ ಹಿರಿಯರು ಇಲ್ಲೇ ಕುಳಿತಿದ್ದಾರೆ, ಕ್ಷಮಿಸಬೇಕು: ಅದು ಚರ್ಮ ಸುಡುತ್ತದೆ, ನೆಕ್ಕಿದರೆ ಒಳಗೂ ಹೋಗುತ್ತದೆ. ಕಿವಿಯೊಳಗೆ, ಬೆರಳ ಸಂದಿನಲ್ಲಿ ದಿನವೂ ಹುಡುಕಿ, ಚಿಮುಟದಿಂದ ಚರ್ಮದ ಬುಡಕ್ಕೆ ಹಿಡಿದು ನೆಟ್ಟಗೆ ಎಳೆಯಿರಿ. ಉಣ್ಣೆಯಿಂದ ರಕ್ತದ ಜ್ವರವೂ ಬರುವುದುಂಟು. ತೂಕ ನೋಡಿ ವೈದ್ಯರು ಕೊಡುವ ಔಷಧ ಬೇಕು. ದುಂಡಗೆ ಕೂದಲು ಉದುರಿದ್ದರೆ ಮಕ್ಕಳನ್ನು ದೂರವಿಟ್ಟು ತೋರಿಸಿರಿ, ಹುಳುಕಡ್ಡಿಯಾದರೆ ಮನುಷ್ಯರಿಗೂ ಹತ್ತುತ್ತದೆ.

ಮಂಚಕ್ಕೆ ಆನಿಸಿದ ಇಳಿಜಾರು ಹಲಗೆಯನ್ನು ಪ್ಯಾಕಿಂಗ್ ಪೆಟ್ಟಿಗೆಯ ಮರದಿಂದ ನಾವೇ ಮಾಡಿದೆವು. ಮೇಲೆ ಗೋಣಿ ಹೊಡೆದಿದೆ, ಜಾರುವುದಿಲ್ಲ. ಅಳತೆ ಬೇಕಾದವರು ಭಾನುವಾರ ಖೋಲಿಗೆ ಬನ್ನಿ; ಮೋತಿ ಬೊಗಳುತ್ತದೆ, ಕಚ್ಚುವುದಿಲ್ಲ.