ಪೊರೆ ತೆಗೆಸಿದ ಮೇಲೆ



ನಾನು ಡಾಕ್ಟರಲ್ಲ, ಕಂಪ್ಯೂಟರ್ ಕೆಲಸದವನು. ಆದರೂ ಕಣ್ಣಿನ ಪೊರೆಯ ಬಗ್ಗೆಯೇ ಮಾತಾಡುತ್ತೇನೆ. ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರಿಗೆ ಆಪರೇಷನ್ ಆಗಿದೆ, ಕೆಲವರು ಪೊರೆ ಇನ್ನೂ ಬಲಿಯಲಿ ಎಂದು ಕಾಯುತ್ತಿದ್ದೀರಿ. ಕಾಯಬೇಕಿಲ್ಲ. ಬಲಿತಷ್ಟೂ ಅದು ಗಟ್ಟಿಯಾಗಿ, ತೆಗೆಯುವುದು ಕಷ್ಟವಾಗುತ್ತದೆ.

ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳ ಕಾಲದಲ್ಲಿ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿ. ಈಗ ಕಣ್ಣೊಳಗೇ ಕೃತಕ ಮಸೂರ ಕೂರಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಮುಚ್ಚಳದ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡಿತ್ತು. ಅದನ್ನು ಗಮನಿಸಿದ ಡಾ. ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಮಸೂರ ಇಟ್ಟರು. ಆ ಮೊದಲ ರೋಗಿಗೆ ನಂಬರು ತೀರಾ ತಪ್ಪಿತ್ತು. ಈಗ ಕಣ್ಣಿನ ಉದ್ದ ಅಳೆದು ಲೆಕ್ಕ ಹಾಕುತ್ತಾರೆ. ಅಳತೆ ಒಂದು ಮಿಲಿಮೀಟರ್ ತಪ್ಪಿದರೂ ಸುಮಾರು ಎರಡೂವರೆ ನಂಬರು ವ್ಯತ್ಯಾಸವಾಗುತ್ತದೆ. ನಮ್ಮ ಪ್ರೋಗ್ರಾಮನ್ನಾದರೆ ಮರುದಿನ ತಿದ್ದಬಹುದು!

ನಮ್ಮಮ್ಮನಿಗೆ ಆಪರೇಷನ್ ಆಗಿ ಎರಡು ವರ್ಷಕ್ಕೆ ಮತ್ತೆ ಮಂಜು ಕವಿಯಿತು. ಪೊರೆ ತಿರುಗಿ ಬಂತು, ಇನ್ನೊಂದು ಸಲ ಕತ್ತರಿ ಹಾಕಿಸಿಕೊಳ್ಳಲಾರೆ ಎಂದು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಅನ್ನದಲ್ಲಿ ಕಲ್ಲು ಸಿಗತೊಡಗಿದ ಮೇಲೆ ನಮಗೆ ಗೊತ್ತಾಯಿತು. ಪೊರೆ ಬಂದಿರಲಿಲ್ಲ. ಹೊಸ ಮಸೂರ ಕೂರಿಸಲೆಂದು ಹಳೆಯದರ ತೆಳುವಾದ ಚೀಲವನ್ನು ಒಳಗೇ ಬಿಟ್ಟಿರುತ್ತಾರೆ. ಅದರ ಹಿಂಬದಿ ಮಸುಕಾಗಿತ್ತು, ಅಷ್ಟೇ. ಲೇಸರಿನಿಂದ ನಡುವೆ ಒಂದು ಕಿಂಡಿ ಮಾಡಿದರು. ಕೆಲವೇ ನಿಮಿಷದ ಕೆಲಸ, ಹೊಲಿಗೆಯೂ ಇಲ್ಲ. ಅಷ್ಟಕ್ಕೆ ಅಷ್ಟು ದಿನ ಕತ್ತಲೆಯಲ್ಲಿದ್ದಳು.

ಇದು ಕಾಯಬಹುದಾದ ತೊಂದರೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ಕಣ್ಣು ಕೆಂಪಾಗಿ, ನೋವು ಹೆಚ್ಚಿ, ನೋಟ ಕಡಿಮೆಯಾದರೆ ಒಳಗೆ ಸೋಂಕು ತಗುಲಿರಬಹುದು. ಅಪರೂಪ, ಆದರೆ ಅಲ್ಲಿ ಗಂಟೆಗಳ ಲೆಕ್ಕ. ಮುಂದೆ ಎಂದಾದರೂ ಮಿಂಚು ಹೊಡೆದಂತೆ, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲಿದಂತೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅಕ್ಷಿಪಟ ಕಿತ್ತು ಬರುತ್ತಿರಬಹುದು. ಸಂತೆ ಮುಗಿಸಿ ಹೋಗೋಣ ಎನ್ನಬೇಡಿ, ಅಂದೇ ಹೋಗಿ. ಸಕ್ಕರೆ ಕಾಯಿಲೆಯವರು ತೊಂದರೆ ಇಲ್ಲದಿದ್ದರೂ ಅಕ್ಷಿಪಟ ಪರೀಕ್ಷೆ ಬಿಡಬಾರದು.

ಮಕ್ಕಳೇ, ಮನೆಯಲ್ಲಿ ಔಷಧಿ ಹನಿ ಹಾಕುವವರು ನೀವೇ. ಸೋಪಿನಲ್ಲಿ ಕೈ ತೊಳೆಯಿರಿ, ಬಾಟಲಿಯ ತುದಿ ಕಣ್ಣಿಗೆ ತಾಗದಿರಲಿ. ಆಗಾಗ ಅಜ್ಜಿಯ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ತೋರಿಸಿ, ಏನು ಕಾಣುತ್ತದೆ ಎಂದು ಕೇಳಿ. ಮಸೂರದ ನಂಬರಿರುವ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ.