ವೃದ್ಧಾಶ್ರಮದ ಅಂಗಳಕ್ಕೆ ಎಳೆಯರ ಕೈ



ಕಾಲೇಜು ಹುಡುಗರು ಎನ್ನೆಸ್ಸೆಸ್ ಎಂದು ಕರೆಯುವ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 1969ರಲ್ಲಿ, ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ. 'ನಾನಲ್ಲ, ನೀನು' ಎಂಬುದು ಅದರ ಧ್ಯೇಯವಾಕ್ಯ. ವೃದ್ಧಾಶ್ರಮದ ಅಂಗಳವನ್ನು ಚೆಂದಗೊಳಿಸಲು ಹೊರಡುವ ತರುಣ ತರುಣಿಯರಿಗೆ ಇದಕ್ಕಿಂತ ಒಳ್ಳೆಯ ಮಾತು ಸಿಗಲಾರದು. ಗೋಡೆಗೆ ಚಿತ್ರ ಬರೆದು, ಕುಂಡಗಳನ್ನು ಸಾಲಾಗಿ ಜೋಡಿಸುವುದು ಒಂದೆರಡು ದಿನದ ಕೆಲಸ. ಎಂಬತ್ತು ದಾಟಿದವರು ದಿನವೂ ತಾವಾಗಿ ಹೊರಗೆ ಬಂದು ಕೂರುವಂತೆ ಮಾಡುವುದಕ್ಕೆ ತಾಳ್ಮೆ ಬೇಕು.

ಮೊದಲು ನೋಡಬೇಕಾದದ್ದು ಹೂವನ್ನಲ್ಲ, ನೆಲವನ್ನು. ಬಿದ್ದೇನು ಎಂಬ ಭಯವೇ ಎಷ್ಟೋ ಹಿರಿಯರನ್ನು ಕೋಣೆಯೊಳಗೆ ಕಟ್ಟಿಹಾಕಿರುತ್ತದೆ. ಹಾಗಾಗಿ ನುಣುಪು ಟೈಲ್ಸ್ ಬೇಡ, ಪಾಚಿಯನ್ನು ಉಜ್ಜಿ ತೆಗೆಯಬೇಕು, ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಬಣ್ಣ ಬಳಿಯಬೇಕು. ಗಾಲಿಕುರ್ಚಿಗೆ ಇಳಿಜಾರು ಕಟ್ಟುವುದಾದರೆ ಒಂದಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ತಳ್ಳುವವರಿಗೂ ಕಷ್ಟ, ಕೂತವರಿಗೂ ಅಪಾಯ. ಬೆಂಚಿಗೆ ಬೆನ್ನೊರಗು ಇದ್ದರೆ ಸಾಲದು, ಕೈಗಳೂ ಇರಬೇಕು. ಮಂಡಿನೋವಿನವರು ಏಳುವಾಗ ಊರಿಕೊಳ್ಳುವುದು ಅವನ್ನೇ.

ಹೂವಿನ ಬಣ್ಣಕ್ಕೂ ಲೆಕ್ಕವಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ನೇರಳೆಗಳು ಮಂಕಾಗುತ್ತವೆ. ಕೆಂಪು ದಾಸವಾಳ, ಚೆಂಡುಹೂವು, ಕನಕಾಂಬರ ದೂರದಿಂದಲೂ ಕಾಣುತ್ತವೆ. ದೃಷ್ಟಿ ಪೂರಾ ಕುಂದಿದವರಿಗೆ ಮಲ್ಲಿಗೆ ಇದೆ, ಎಲೆ ಮುಟ್ಟಿದರೆ ಘಮ್ಮೆನ್ನುವ ದೊಡ್ಡಪತ್ರೆ ಇದೆ. ನೋಡಲು ಚೆಂದವಾದರೂ ಕಣಗಿಲೆ ಬೇಡ. ಅದು ವಿಷ, ಮರೆವಿನ ಕಾಯಿಲೆಯವರು ಬಾಯಿಗೆ ಹಾಕಿಕೊಂಡಾರು.

ಆದರೆ ಗಿಡ ಯಾವುದೆಂದು ನಿರ್ಧರಿಸಬೇಕಾದವರು ನಾವಲ್ಲ. 'ಅಜ್ಜಿ, ನಿಮ್ಮನೆ ಅಂಗಳದಲ್ಲಿ ಏನೇನಿತ್ತು?' ಎಂದು ಕೇಳಿ. ಮಲೆನಾಡಿನವರಾದರೆ ಮಳೆಗಾಲದ ಡೇರೆ ಹೂವಿನ ಮಾತು ತೆಗೆದಾರು, ಗೆಡ್ಡೆಯನ್ನು ಹೇಗೆ ಕಾಪಿಡಬೇಕೆಂದು ನಮಗೇ ಪಾಠ ಹೇಳಿಯಾರು. ಆ ಕ್ಷಣದಿಂದ ಅದು ಅವರ ತೋಟ.

ಇದಕ್ಕೆ ಒಂದು ಹೆಸರಾಂತ ಅಧ್ಯಯನದ ಬೆಂಬಲವೂ ಇದೆ. ಅಮೆರಿಕದ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಕನೆಕ್ಟಿಕಟ್ ರಾಜ್ಯದ ಒಂದು ಶುಶ್ರೂಷಾಲಯದಲ್ಲಿ ನಡೆಸಿ, 1976ರಲ್ಲಿ ಪ್ರಕಟಿಸಿದ್ದು. ಒಂದು ಮಹಡಿಯವರಿಗೆ, ನಿಮ್ಮ ದಿನಚರಿ ನಿಮ್ಮ ಕೈಯಲ್ಲಿದೆ ಎಂದು ಹೇಳಿ, ಬೇಕಾದ ಗಿಡ ಆರಿಸಿಕೊಂಡು ತಾವೇ ನೋಡಿಕೊಳ್ಳಲು ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ನೀರು ಹಾಕುವ ಕೆಲಸ ಮಾತ್ರ ದಾದಿಯರದ್ದು. ಮೂರು ವಾರಗಳಲ್ಲಿ ತಾವೇ ಗಿಡ ನೋಡಿಕೊಂಡ ಮಹಡಿಯವರು ಹೆಚ್ಚು ಚುರುಕಾಗಿ, ಹೆಚ್ಚು ಗೆಲುವಾಗಿ ಕಂಡರು. ಸಣ್ಣ ಅಧ್ಯಯನ ಅದು, ಎಲ್ಲ ಭಾರವನ್ನೂ ಅದರ ಮೇಲೆ ಹೇರುವುದು ಸಲ್ಲ. ಆದರೂ ಎರಡು ಕಡೆಯೂ ಗಿಡವಿತ್ತು, ಹೊಣೆ ಮಾತ್ರ ಒಂದೇ ಕಡೆ ಇತ್ತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಬಗ್ಗಲಾರದವರು ಗಿಡ ನೋಡಿಕೊಳ್ಳುವುದು ಹೇಗೆ? ಮಣ್ಣನ್ನೇ ಎತ್ತರಕ್ಕೆ ತನ್ನಿ. ಎರಡೂವರೆ ಅಡಿ ಎತ್ತರದ ಕಾಲುಗಳ ಮೇಲೆ ಆಳ ಕಡಿಮೆಯ ತೊಟ್ಟಿ ಇಟ್ಟರೆ ಗಾಲಿಕುರ್ಚಿ ಕೆಳಗೆ ಸರಿಯುತ್ತದೆ, ಕೈಗೆ ಮಣ್ಣು ಸಿಗುತ್ತದೆ. ಮೆಂತ್ಯ, ಕೊತ್ತಂಬರಿಗೆ ಅಷ್ಟು ಸಾಕು. ನೀರಿಗೆ ಹಗುರವಾದ ಸಣ್ಣ ಚೊಂಬು ಕೊಡಿ. ಕುಂಡದಡಿಯ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿಬಿಡಬೇಕು, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಅಂಥಲ್ಲೇ.

ಇಂಥ ತೋಟಗಳಿಗೆ ಕಷ್ಟಕಾಲವೆಂದರೆ ಬೇಸಿಗೆ. ಮುಂಗಾರಿನಲ್ಲಿ ಉತ್ಸಾಹದಿಂದ ನೆಟ್ಟ ವಿದ್ಯಾರ್ಥಿಗಳು ಬಿಸಿಲೇರುವ ಹೊತ್ತಿಗೆ ಪರೀಕ್ಷೆ, ರಜೆ ಎಂದು ಚದುರಿರುತ್ತಾರೆ. ಗಿಡ ಒಣಗಿದರೆ ಒಣಗಿತು ಅನ್ನಬಹುದು. ಬರುತ್ತೇವೆ ಎಂದವರು ಬಾರದೆ ಹೋದದ್ದು ಅಲ್ಲಿನವರಿಗೆ ಇನ್ನೂ ಹೆಚ್ಚು ನೋಯುತ್ತದೆ. ಅದಕ್ಕೇ ನೆಡುವ ಮೊದಲೇ ಏಪ್ರಿಲ್ ತಿಂಗಳ ಸರದಿಪಟ್ಟಿ ಬರೆಯಿರಿ, ಊರಲ್ಲೇ ಉಳಿಯುವವರ ಹೆಸರು ಹಾಕಿ, ಅದರ ಒಂದು ಪ್ರತಿಯನ್ನು ಆಶ್ರಮದ ಗೋಡೆಗೂ ಅಂಟಿಸಿ. ಕಾಲೇಜು ಮುಗಿಸಿ ಹೋಗುವ ತಂಡ ಹೊಸ ತಂಡವನ್ನು ಅಲ್ಲಿಗೆ ಕರೆದೊಯ್ದು, ಒಬ್ಬೊಬ್ಬರನ್ನೂ ಹೆಸರು ಹೇಳಿ ಹಿರಿಯರಿಗೆ ಪರಿಚಯಿಸಿ ಬರಲಿ.