ಮರಳಿ ಬರುವ ಮಗನಿಗೆ ತೋಟದಲ್ಲಿ ಸ್ಥಳವಿದೆಯೇ?

(ಸಕಲೇಶಪುರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಹ. ಸಲ್ಮಾನ್ ಫಾರಿಸಿ(ರ)ಯವರು ಗುಲಾಮಗಿರಿಯಿಂದ ಬಿಡುಗಡೆಗೊಂಡ ಘಟನೆ ನಿಮಗೆ ತಿಳಿದಿದೆ. ಯಜಮಾನನು 300 ಖರ್ಜೂರದ ಸಸಿಗಳನ್ನೂ 40 ಊಖಿಯ ಚಿನ್ನವನ್ನೂ ಕೇಳಿದ. ಸಹಾಬಿಗಳು ಸಸಿಗಳನ್ನು ತಂದರು, ಗುಂಡಿ ತೋಡಲು ನೆರವಾದರು. ಪ್ರವಾದಿವರ್ಯರು(ಸ) ಸ್ವಹಸ್ತದಿಂದ ನೆಟ್ಟರು. ಸಲ್ಮಾನರು ಅಪರಾಧಿಯಾಗಿರಲಿಲ್ಲ, ನಿಜ. ಆದರೆ ಒಬ್ಬನ ಬಿಡುಗಡೆಗಾಗಿ ಒಂದು ಸಮುದಾಯವೇ ಮಣ್ಣಿಗಿಳಿದಿತ್ತು ಎಂಬುದನ್ನು ಗಮನಿಸಿ.

ತಪ್ಪು ಮಾಡಿ ಬಂಧನಕ್ಕೊಳಗಾದ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. 2015ರ ಬಾಲನ್ಯಾಯ ಕಾಯ್ದೆಯಂತೆ ಬಾಲನ್ಯಾಯ ಮಂಡಳಿಯು 18 ವರ್ಷದೊಳಗಿನವರನ್ನು ಗರಿಷ್ಠ 3 ವರ್ಷ ವಿಶೇಷ ಗೃಹದಲ್ಲಿರಿಸಬಹುದು. (16 ದಾಟಿದವರ ಘೋರ ಅಪರಾಧಗಳ ವಿಚಾರ ಬೇರೆ.) ಆ ಅವಧಿಯಲ್ಲಿ ಶಿಕ್ಷಣವನ್ನೂ ಕೌಶಲ ತರಬೇತಿಯನ್ನೂ ನೀಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಂಗಳ ಗುಡಿಸುವುದನ್ನೂ ಹೂಕುಂಡಕ್ಕೆ ನೀರೆರೆಯುವುದನ್ನೂ ತರಬೇತಿಯೆಂದು ಕರೆಯಲಾಗದು. ಕಸುಬೆಂದರೇನೆಂದು ಸಕಲೇಶಪುರ, ಆಲೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಡಿಸೆಂಬರ್-ಜನವರಿಯಲ್ಲಿ ಬಿತ್ತಿದ ಕಾಫಿ ಬೀಜವು ಸುಮಾರು 45 ದಿನಗಳಲ್ಲಿ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಮೇಲೇಳುತ್ತದೆ. ಅದನ್ನು ಬೇರು ಮಡಚದಂತೆ ಚೀಲಕ್ಕೆ ಬದಲಾಯಿಸಬೇಕು, ಮುಂಗಾರು ಹಿಡಿದ ಮೇಲೆ ತೋಟದಲ್ಲಿ ನೆಡಬೇಕು. ಮೆಣಸಿನ ಬಳ್ಳಿಯ ತುಂಡಿಗೆ ಬೇರು ಬರಿಸುವುದು, ನೆರಳಿನ ಮರ ಸವರುವುದು, ಕಾಂಡಕೊರಕ ಹೊಕ್ಕ ಗಿಡವನ್ನು ಗುರುತಿಸುವುದು ಇವೆಲ್ಲ ಅನ್ನ ಕೊಡುವ ವಿದ್ಯೆಗಳು. ನೆಟ್ಟ ಕಾಫಿ ಗಿಡ ಮೊದಲ ಫಸಲು ಕೊಡಲು 3-4 ವರ್ಷ ಬೇಕು. ಹುಡುಗ ಒಳಗಿರುವ ಗರಿಷ್ಠ ಅವಧಿಯೂ ಹೆಚ್ಚುಕಡಿಮೆ ಅಷ್ಟೇ.

ದೇವನಹಳ್ಳಿ ಬಳಿಯ ಕೋರಮಂಗಲದ ಬಯಲು ಬಂದೀಖಾನೆಯಲ್ಲಿ ಶಿಕ್ಷೆಗೊಳಗಾದ ವಯಸ್ಕರನ್ನು ನಂಬಿ ಬೇಸಾಯಕ್ಕೆ ಬಿಡಲಾಗಿದೆ. ಕಿರಿಯರ ಬಗ್ಗೆ ಹಿಂಜರಿಕೆಯೇಕೆ?

ಸರಕಾರವನ್ನಷ್ಟೇ ದೂರಿ ಪ್ರಯೋಜನವಿಲ್ಲ. ಇಂತಹ ಮಕ್ಕಳ ಹೆಸರನ್ನು ಪ್ರಕಟಿಸುವುದನ್ನು ಕಾಯ್ದೆ ನಿಷೇಧಿಸಿದೆ. ಮೇಲ್ಮನವಿಯ ಅವಧಿ ಮುಗಿದ ಬಳಿಕ ಸಾಮಾನ್ಯವಾಗಿ ದಾಖಲೆಯನ್ನೇ ನಾಶಪಡಿಸಬೇಕೆನ್ನುತ್ತದೆ. ನಮ್ಮ ಮೊಹಲ್ಲಾಗಳಲ್ಲಿ ಮಾತ್ರ ಆ ದಾಖಲೆ ಅಳಿಯುವುದಿಲ್ಲ. ಮದುವೆ ಮನೆಯಲ್ಲೂ ಮಸೀದಿಯ ಜಗಲಿಯಲ್ಲೂ ಅದನ್ನು ತೆರೆದು ಓದುತ್ತಲೇ ಇರುತ್ತೇವೆ. ಹೆತ್ತ ತಾಯಿ ಮಗನನ್ನು ಊರಿಗೆ ಕರೆತರಲು ಅಂಜುತ್ತಾಳೆ. ದೂರದ ನಗರಕ್ಕೆ ಕಳುಹಿಸಿದರೆ ಅಲ್ಲಿ ಅವನನ್ನು ಬರಮಾಡಿಕೊಳ್ಳುವವರು ಯಾರೆಂದು ನಾನು ಹೇಳಬೇಕೇ?

ತೋಟದ ಮಾಲಕರಲ್ಲಿ, ನರ್ಸರಿ ನಡೆಸುವವರಲ್ಲಿ ನನ್ನದೊಂದು ವಿನಂತಿ. 18 ದಾಟಿ ಹೊರಬರುವ ಒಬ್ಬ ಹುಡುಗನನ್ನಾದರೂ, ಅವನು ಯಾವ ಧರ್ಮದವನೇ ಆಗಿರಲಿ, ನ್ಯಾಯವಾದ ಕೂಲಿಗೆ ಸೇರಿಸಿಕೊಳ್ಳಿ. ಜಮಾಅತ್‌ನವರು ಹಾಸನದ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಿ, ಮರಳಿ ಬರುವವರ ಬೆಂಬಲಕ್ಕೆ ಇಬ್ಬರು ಹಿರಿಯರನ್ನು ಗೊತ್ತುಪಡಿಸಲಿ. ಏನು ಮಾಡಿದ್ದನೆಂಬುದನ್ನು ಆ ಇಬ್ಬರು ಹೊರತು ಇನ್ನಾರೂ ವಿಚಾರಿಸುವುದು ಬೇಡ.